ಪ್ರಯಾಣದ ಚೀಲದಲ್ಲಿ ತಂತಿಗಳ ವ್ಯವಸ್ಥೆ

ಪ್ರಯಾಣಕ್ಕೆ ಹೊರಡುವವರು ತಮ್ಮ ಸಾಮಾನನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದು ಹಳೆಯ ವಿಷಯ. ನಮ್ಮ ಹಿಂದಿನ ತಲೆಮಾರಿನವರು ಮುಂಬಯಿಯಿಂದ ಊರಿಗೆ ಹೊರಟಾಗ ಟ್ರಂಕು, ಹೋಲ್ಡಾಲು, ನೀರಿನ ಕೂಜೆ, ಬುತ್ತಿಯ ಗಂಟು ಇವಿಷ್ಟನ್ನು ಎಣಿಸಿ ನೋಡಿಕೊಂಡರೆ ಸಾಕಾಗುತ್ತಿತ್ತು. ಇಂದು ಆ ಎಣಿಕೆಯಲ್ಲಿ ಕೆಲವು ಹೊಸ ವಸ್ತುಗಳು ಸೇರಿವೆ. ಮೊಬೈಲಿನ ಚಾರ್ಜರು, ಅದರ ಕೇಬಲ್ಲು, ಪವರ್ ಬ್ಯಾಂಕು, ಇಯರ್‌ಫೋನು, ಪೆನ್ ಡ್ರೈವು, ಸಿಮ್ ಕಾರ್ಡನ್ನು ಹೊರತೆಗೆಯುವ ಸೂಜಿ ಮುಂತಾದ ಇವು ಗಾತ್ರದಲ್ಲಿ ಅಲ್ಪವಾದವು. ಆದರೆ ಬೇಕಾದ ವೇಳೆಗೆ ಕೈಗೆ ಸಿಕ್ಕದೆ ಇರುವುದರಲ್ಲಿ ಇವುಗಳಿಗೆ ಸಮಾನವಾದವು ಬೇರೆ ಇಲ್ಲ. ಇವನ್ನು ಚೀಲದಲ್ಲಿ ಕ್ರಮವಾಗಿ ಇಡುವುದು ಹೇಗೆ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಪ್ರಕೃತ ಲೇಖನದ ಉದ್ದೇಶ.

ಇಷ್ಟು ಸಣ್ಣ ಸಂಗತಿಗೆ ಲೇಖನವೇಕೆ ಎಂದು ವಾಚಕರು ಕೇಳಬಹುದು. ರೈಲಿನ ಟಿಕೇಟು ಈಗ ಅನೇಕರ ಬಳಿ ಕಾಗದದಲ್ಲಿಲ್ಲ, ಮೊಬೈಲಿನಲ್ಲಿದೆ. ಹಣವೂ ಅಲ್ಲಿಯೇ ಇದೆ. ಊರಿನಲ್ಲಿ ಎದುರುಗೊಳ್ಳಲು ಬರುವ ಮಾವನ ದೂರವಾಣಿ ಸಂಖ್ಯೆಯೂ ಅಲ್ಲಿಯೇ ಇದೆ. ಅದನ್ನು ಬಾಯಿಪಾಠ ಮಾಡಿದವರು ಮನೆಯಲ್ಲಿ ಒಬ್ಬರೂ ಇರಲಾರರು. ಹೀಗಿರುವಾಗ ಆ ಯಂತ್ರದ ವಿದ್ಯುತ್ತು ಮುಗಿಯಿತೆಂದರೆ ಪ್ರಯಾಣಿಕನ ಕೈಕಾಲು ಕಟ್ಟಿಹಾಕಿದಂತೆಯೇ ಸರಿ.

ನಮ್ಮ ಘಾಟ್ಕೋಪರಿನ ಕನ್ನಡ ಮನೆಗಳ ಪಾಡನ್ನೇ ನೋಡೋಣ. ಮೇ ತಿಂಗಳ ರಜೆ ಬಂದೊಡನೆ ಒಂದು ಪಾಲು ಜನರು ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿ, ವಿಜಯಪುರಗಳತ್ತ ಹೊರಡುತ್ತಾರೆ. ಇನ್ನೊಂದು ಪಾಲು ಜನರು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸಿಗೆ ರಿಕ್ಷಾ ಹಿಡಿದು, ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಕರಾವಳಿಗೆ ಹೋಗುತ್ತಾರೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವೊಂದೇ ಸುಮಾರು 6.5 ಕಿಲೋಮೀಟರು ಉದ್ದವಿದೆ. ಗುಡ್ಡಗಳ ನಡುವೆ ಸಂಕೇತವು ಕ್ಷೀಣವಾದಾಗ ಮೊಬೈಲು ದೂರದ ಗೋಪುರವನ್ನು ತಲುಪಲು ಹೆಚ್ಚು ಶಕ್ತಿಯನ್ನು ವ್ಯಯಿಸಿ ಮತ್ತೆ ಮತ್ತೆ ಹುಡುಕುತ್ತದೆ. ಆದಕಾರಣ, ಮನೆಯಲ್ಲಿ ದಿನವಿಡೀ ಬಾಳುವ ಬ್ಯಾಟರಿಯು ಈ ಹಾದಿಯಲ್ಲಿ ಬೇಗನೆ ಬರಿದಾಗುವುದುಂಟು. ರೈಲಿನಲ್ಲಿ ಚಾರ್ಜು ಮಾಡಿಕೊಂಡರಾಯಿತು ಎಂದರೆ ಅಲ್ಲಿಯೂ ಒಂದು ತೊಡಕಿದೆ. ಬೆಂಕಿಯ ಅನಾಹುತವನ್ನು ತಪ್ಪಿಸುವ ಸಲುವಾಗಿ ರಾತ್ರಿ 11 ಗಂಟೆಯಿಂದ ಬೆಳಗಿನ 5 ಗಂಟೆಯವರೆಗೆ ಬೋಗಿಗಳ ಚಾರ್ಜಿಂಗ್ ಪಾಯಿಂಟುಗಳಿಗೆ ವಿದ್ಯುತ್ತನ್ನು ನಿಲ್ಲಿಸುವ ನಿಯಮವನ್ನು ರೈಲ್ವೆಯವರು 2021ರಿಂದ ಬಿಗಿಯಾಗಿ ಜಾರಿಗೆ ತಂದಿದ್ದಾರೆ. ನಸುಕಿನಲ್ಲಿ ಕುಂದಾಪುರದಲ್ಲೋ ಉಡುಪಿಯಲ್ಲೋ ಇಳಿಯಬೇಕಾದವರು ರಾತ್ರಿ ಊಟದ ಹೊತ್ತಿಗೇ ಈ ಕಾರ್ಯವನ್ನು ಮುಗಿಸಿಕೊಳ್ಳಬೇಕು. ಆಗ ಕೇಬಲ್ಲು ಚೀಲದ ತಳದಲ್ಲಿ, ಚೀಲವು ಬರ್ತಿನ ಕೆಳಗೆ, ಅದರ ಮುಂದೆ ಮತ್ತೊಬ್ಬರ ಗೋಣಿಗಂಟು, ಹೀಗಿದ್ದರೆ ಏನು ಗತಿ?

ತಂತಿಗಳು ಚೀಲದಲ್ಲಿ ತಾವಾಗಿಯೇ ಏಕೆ ಗಂಟಾಗುತ್ತವೆ? ಇದನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬಿಬ್ಬರು ದಾರವನ್ನು ಪೆಟ್ಟಿಗೆಯೊಂದರಲ್ಲಿ ಹಾಕಿ, ಪೆಟ್ಟಿಗೆಯನ್ನು ಯಂತ್ರದಿಂದ ಉರುಳಿಸಿ, ಮೂರು ಸಾವಿರಕ್ಕೂ ಮಿಗಿಲಾದ ಸಲ ಫಲವನ್ನು ಗುರುತಿಸಿದರು. ಕೆಲವೇ ಸೆಕೆಂಡುಗಳಲ್ಲಿ ಗಂಟುಗಳು ಬೀಳುತ್ತಿದ್ದವು. ಸುರುಳಿಯಾಗಿ ಬಿದ್ದಿರುವ ದಾರದ ಬಿಡಿಯಾದ ತುದಿಯು, ಪಕ್ಕದ ಎಳೆಗಳ ಮೇಲೂ ಕೆಳಗೂ ನುಸುಳಿ, ಜಡೆ ಹೆಣೆದಂತೆ ತನ್ನನ್ನು ತಾನೇ ಹೆಣೆದುಕೊಳ್ಳುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ದಾರವು ಉದ್ದವಾಗಿಯೂ ಮೆತ್ತಗೂ ಇದ್ದರೆ ಗಂಟಿನ ಸಂಭವ ಹೆಚ್ಚು. ಅವರ ಪ್ರಯೋಗದಲ್ಲಿ ಸುಮಾರು 46 ಸೆಂಟಿಮೀಟರಿಗಿಂತ ಗಿಡ್ಡವಾದ ದಾರಕ್ಕೆ ಗಂಟೇ ಬೀಳಲಿಲ್ಲ. ಉರುಳಾಡಲು ಎಡೆಯಿಲ್ಲದ ಇಕ್ಕಟ್ಟಾದ ಪೆಟ್ಟಿಗೆಯಲ್ಲಿಯೂ ಗಂಟುಗಳು ಕಡಿಮೆಯಾಗಿದ್ದವು. ಘಾಟ್ಕೋಪರ್ ನಿಲ್ದಾಣದ ಸೇತುವೆಯ ಮೇಲೆ ಬೆಳಗಿನ ಒಂಬತ್ತು ಗಂಟೆಗೆ ನಡೆಯುವವನ ಹೆಗಲ ಚೀಲವು ಆ ಯಂತ್ರಕ್ಕಿಂತ ಕಡಿಮೆಯಾಗಿ ಉರುಳುವುದೆಂದು ಯಾರೂ ಹೇಳಲಾರರು!

ಈ ಪ್ರಯೋಗದಿಂದಲೇ ನಮಗೆ ಬೇಕಾದ ಉಪಾಯಗಳು ದೊರೆಯುತ್ತವೆ. ಕೇಬಲ್ಲು ಆದಷ್ಟು ಗಿಡ್ಡವಾಗಿರಲಿ. ಅದರ ಎರಡು ತುದಿಗಳನ್ನು ಬಿಡಿಯಾಗಿ ಬಿಡದೆ ಸುರುಳಿಗೆ ಕಟ್ಟಿಡಬೇಕು. ಸುರುಳಿಯನ್ನು ಅದಕ್ಕೆ ತಕ್ಕಷ್ಟೇ ಎಡೆಯುಳ್ಳ ಸಂಚಿಯಲ್ಲಿ ಇಡಬೇಕು.

ಆದರೆ ಕಟ್ಟುವುದಕ್ಕೆ ಮೊದಲು ಯಾವುದನ್ನು ಒಯ್ಯಬೇಕು, ಯಾವುದನ್ನು ಮನೆಯಲ್ಲಿ ಬಿಡಬೇಕು ಎಂಬುದನ್ನು ತೀರ್ಮಾನಿಸಬೇಕಷ್ಟೆ. ಮನೆಮನೆಯಲ್ಲಿಯೂ ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಹತ್ತಾರು ಕೇಬಲ್ಲುಗಳು ತುಂಬಿರುತ್ತವೆ. ಯಾವುದು ಯಾವುದಕ್ಕೆಂಬುದು ತಿಳಿಯದು. ತಿಳಿಯದುದರಿಂದ ಬಿಸಾಡಲು ಧೈರ್ಯವಿಲ್ಲ. ಹೊರಡುವ ಗಡಿಬಿಡಿಯಲ್ಲಿ ನಾಲ್ಕನ್ನು ಹಿಡಿದು ಚೀಲಕ್ಕೆ ತುರುಕುತ್ತೇವೆ. ಅವ್ಯವಸ್ಥೆಯ ಮೂಲವು ಚೀಲದಲ್ಲಿಲ್ಲ, ಈ ಅಜ್ಞಾನದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಹಿಂದೆ ಒಂದೊಂದು ಕಂಪೆನಿಯ ಮೊಬೈಲಿಗೆ ಒಂದೊಂದು ಬಗೆಯ ಪಿನ್ನು ಇತ್ತು. ಯು.ಎಸ್.ಬಿ. ಎಂಬ ಸಾಮಾನ್ಯ ಕ್ರಮವು 1996ರಲ್ಲಿ ಬಂದರೂ ಅದರೊಳಗೆಯೇ ಮಿನಿ, ಮೈಕ್ರೋ ಮುಂತಾದ ಪ್ರಭೇದಗಳು ಹುಟ್ಟಿದುವು. 2014ರಲ್ಲಿ ಟೈಪ್-ಸಿ ಎಂಬುದು ರೂಪುಗೊಂಡಿತು. ಹೆಸರುಬೇಳೆಯ ಆಕಾರದ ಇದರ ಮೂತಿಯಲ್ಲಿ 24 ಸಂಪರ್ಕಗಳನ್ನು ಇಕ್ಕೆಲಗಳಲ್ಲಿಯೂ ಸಮನಾಗಿ ಜೋಡಿಸಿರುವುದರಿಂದ, ಮೇಲುಕೆಳಗೆಂಬ ಭೇದವಿಲ್ಲದೆ ಕತ್ತಲೆಯಲ್ಲಿಯೂ ಸಿಕ್ಕಿಸಬಹುದು. ತಮ್ಮದೇ ಪಿನ್ನನ್ನು 2012ರಿಂದ ಬಳಸುತ್ತಿದ್ದ ಆಪಲ್ ಕಂಪೆನಿಯವರು 2023ರ ಐಫೋನಿನಿಂದ ಟೈಪ್-ಸಿಗೆ ಬಂದರು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲುಗಳಿಗೆ ಇದು ಕಡ್ಡಾಯವಾಯಿತು. ಹೀಗಾಗಿ ಇಂದಿನ ಹಲವು ಕುಟುಂಬಗಳಿಗೆ ಒಂದೇ ಬಗೆಯ ಕೇಬಲ್ಲು ಸಾಕು.

ಮೂತಿ ಒಂದೇ ಆದರೂ ಗುಣ ಒಂದೇ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಸಾಮಾನ್ಯವಾದ ಯು.ಎಸ್.ಬಿ. ಕೇಬಲ್ಲಿನ ಒಳಗೆ ನಾಲ್ಕು ತಂತಿಗಳು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಅವುಗಳಿಂದ ಚಾರ್ಜು ಆಗುತ್ತದೆ, ಆದರೆ ಮೊಬೈಲಿನ ಚಿತ್ರಗಳನ್ನು ಕಂಪ್ಯೂಟರಿಗೆ ಸಾಗಿಸಲು ಬಾರದು. ಇನ್ನು ತಂತಿಯ ದಪ್ಪದ ವಿಚಾರ. ಓಮನ ನಿಯಮವನ್ನು ಪಾಠದಲ್ಲಿ ಓದಿದ ವಿದ್ಯಾರ್ಥಿಗಳು ಅದನ್ನು ಇಲ್ಲಿ ಬಳಸಿ ನೋಡಬಹುದು. ತೆಳುವಾದ ಕೇಬಲ್ಲೊಂದರಲ್ಲಿ ಹೋಗುವ ತಂತಿ ಬರುವ ತಂತಿ ಎರಡೂ ಸೇರಿ ಅರ್ಧ ಓಮ್ ರೋಧವಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 2 ಆಂಪಿಯರ್ ಪ್ರವಾಹ ಹರಿದರೆ 1 ವೋಲ್ಟು ದಾರಿಯಲ್ಲಿಯೇ ನಷ್ಟವಾಗುತ್ತದೆ. ಚಾರ್ಜರು ಕೊಟ್ಟ 5 ವೋಲ್ಟಿನಲ್ಲಿ ಮೊಬೈಲಿಗೆ ಮುಟ್ಟುವುದು 4 ಮಾತ್ರ; ಉಳಿದುದು ಶಾಖವಾಗಿ ಹೋಗುತ್ತದೆ. ಮೊಬೈಲು ಇದನ್ನು ಕಂಡು ತಾನೇ ಪ್ರವಾಹವನ್ನು ತಗ್ಗಿಸಿಕೊಳ್ಳುತ್ತದೆ, ಚಾರ್ಜು ನಿಧಾನವಾಗುತ್ತದೆ. ಉದ್ದ ಇಮ್ಮಡಿಯಾದರೆ ರೋಧವೂ ಇಮ್ಮಡಿ. ಬೇರೆ ಬೇರೆ ಕೇಬಲ್ಲುಗಳಿಂದ ಅದೇ ಮೊಬೈಲು ಬೇರೆ ಬೇರೆ ವೇಗದಲ್ಲಿ ತುಂಬುವುದರ ರಹಸ್ಯವು ಬಹುಮಟ್ಟಿಗೆ ಇದೇ. ಕೆಲವು ಕಂಪೆನಿಗಳ ಅತಿವೇಗದ ಚಾರ್ಜರುಗಳು ತಮ್ಮದೇ ಕೇಬಲ್ಲು ಜೊತೆಗಿದ್ದರೆ ಮಾತ್ರ ಆ ವೇಗವನ್ನು ತೋರುತ್ತವೆ ಎಂಬುದೂ ನಿಜ.

ಆದುದರಿಂದ ಹೊರಡುವುದಕ್ಕೆ ಎರಡು ದಿನ ಮುಂಚೆ, ಇರುವ ಕೇಬಲ್ಲುಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಒಂದೊಂದನ್ನೂ ಅದೇ ಮೊಬೈಲಿಗೆ, ಅದೇ ಚಾರ್ಜರಿಗೆ ಸಿಕ್ಕಿಸಿ ಹದಿನೈದು ನಿಮಿಷ ನೋಡಬೇಕು. ಬ್ಯಾಟರಿಯು ಸುಮಾರಾಗಿ ಅಷ್ಟೇ ಖಾಲಿಯಾಗಿರುವಾಗ ಪ್ರತಿಯೊಂದು ಪರೀಕ್ಷೆಯೂ ನಡೆಯಬೇಕು. ಇಲ್ಲವಾದರೆ ಹೋಲಿಕೆ ಸರಿಯಾಗದು. ಎಷ್ಟು ಶೇಕಡಾ ಏರಿತೆಂದು ಚೀಟಿಯಲ್ಲಿ ಬರೆದು, ಚೀಟಿಯನ್ನು ಕೇಬಲ್ಲಿಗೇ ಅಂಟಿಸಬಹುದು. ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಜೆಯ ಪ್ರಯೋಗ ಬೇರೊಂದಿಲ್ಲ. ಪರೀಕ್ಷೆಯಲ್ಲಿ ಗೆದ್ದ ಒಂದು ಕೇಬಲ್ಲು, ಅದು ಕೈಕೊಟ್ಟರೆ ಎಂದು ಮತ್ತೊಂದು, ನಾಲ್ವರ ಕುಟುಂಬಕ್ಕೆ ಹೆಚ್ಚೆಂದರೆ ಮೂರು. ಎರಡು ಕಿಂಡಿಗಳುಳ್ಳ ಒಂದು ಚಾರ್ಜರು. ಅಜ್ಜಿಯ ಹಳೆಯ ಮೊಬೈಲಿಗೆ ಬೇರೆ ಪಿನ್ನಿದ್ದರೆ ಅದನ್ನು ಮೊದಲು ನೆನೆಯಬೇಕು. ಏಕೆಂದರೆ ಅದೇ ಮರೆತುಹೋಗುವುದು.

ಪವರ್ ಬ್ಯಾಂಕಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಅದರ ಮೇಲೆ 10,000 ಮಿಲಿಆಂಪಿಯರ್-ಗಂಟೆ ಎಂದು ಬರೆದಿದ್ದರೆ, 5,000ದ ಮೊಬೈಲನ್ನು ಎರಡು ಸಲ ತುಂಬಬಹುದೆಂದು ಜನರು ಎಣಿಸುತ್ತಾರೆ. ಲೆಕ್ಕ ಹಾಗಿಲ್ಲ. ಒಳಗಿನ ಕೋಶದ ವೋಲ್ಟೇಜು 3.7, ಅದನ್ನು 5ಕ್ಕೆ ಏರಿಸಿ ಹೊರಗೆ ಕೊಡುವಾಗಲೂ, ಮೊಬೈಲು ಅದನ್ನು ಮತ್ತೆ ಇಳಿಸಿಕೊಳ್ಳುವಾಗಲೂ, ಒಂದಂಶ ಶಾಖವಾಗಿ ಸೋರಿಹೋಗುತ್ತದೆ. ಒಂದೂವರೆ ಸಲ ತುಂಬಿದರೆ ತೃಪ್ತರಾಗಬೇಕು. ಶಕ್ತಿಯ ನಿಜವಾದ ಅಳತೆ ವಾಟ್-ಗಂಟೆ. 10,000ವನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ 37 ವಾಟ್-ಗಂಟೆ; 20,000ದ್ದಾದರೆ 74. ವಿಮಾನದಲ್ಲಿ ಹೋಗುವವರಿಗೆ ಈ ಲೆಕ್ಕವು ಅತ್ಯಾವಶ್ಯಕ. 100 ವಾಟ್-ಗಂಟೆಯವರೆಗಿನದನ್ನು ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪೆನಿಯ ಅನುಮತಿ ಬೇಕು. ಕೆಳಗಿನ ಕೋಣೆಗೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿ ಯಾವುದನ್ನೂ ಇಡಕೂಡದು.

ಈ ನಿರ್ಬಂಧವು ಅಧಿಕಾರಿಗಳ ಹಟವಲ್ಲ. ಲಿಥಿಯಂ ಕೋಶದೊಳಗಿನ ಎರಡು ಧ್ರುವಗಳನ್ನು ಬೇರ್ಪಡಿಸುವ ಪೊರೆಯು ಬಹಳ ತೆಳುವಾದುದು. ಬಿದ್ದೋ, ಜಜ್ಜಿಯೋ, ತಯಾರಿಕೆಯ ದೋಷದಿಂದಲೋ ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಶಾಖ ಹುಟ್ಟುತ್ತದೆ. ಆ ಶಾಖದಿಂದ ಒಳಗಿನ ದ್ರವ್ಯಗಳು ಮತ್ತಷ್ಟು ಶಾಖವನ್ನು ಬಿಡುತ್ತವೆ. ಒಂದು ಕೋಶದ ಬೆಂಕಿ ಪಕ್ಕದ ಕೋಶಕ್ಕೆ ಹಬ್ಬುತ್ತದೆ. ಜನರ ನಡುವೆ ಇದ್ದರೆ ಹೊಗೆಯನ್ನು ಕೂಡಲೆ ಕಂಡು ನೀರು ಸುರಿದು ತಣಿಸಬಹುದು. ಕೆಳಗಿನ ಕತ್ತಲೆಯ ಕೋಣೆಯಲ್ಲಾದರೆ ಕಾಣುವವರು ಯಾರು? 2025ರ ಜನವರಿ 28ರಂದು ದಕ್ಷಿಣ ಕೊರಿಯದ ಬುಸಾನ್ ನಗರದ ವಿಮಾನ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನವೊಂದು ಹೊತ್ತಿ ಉರಿಯಿತು. ಅದರಲ್ಲಿದ್ದ 176 ಮಂದಿಯೂ ಜೀವಸಹಿತ ಪಾರಾದರು. ಆಸನಗಳ ಮೇಲಿನ ಗೂಡಿನಲ್ಲಿದ್ದ ಪವರ್ ಬ್ಯಾಂಕೊಂದು ಈ ಬೆಂಕಿಗೆ ಕಾರಣವಾಗಿರುವ ಸಂಭವವಿದೆಯೆಂದು ತನಿಖೆಯವರು ಬಳಿಕ ತಿಳಿಸಿದರು. ಆದಕಾರಣ ಅದನ್ನು ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ ಇಟ್ಟುಕೊಳ್ಳುವುದೇ ಲೇಸು. ರೈಲಿನಲ್ಲಿಯೂ ಹಾಗೆಯೇ. ಚಾರ್ಜು ಆಗುತ್ತಿರುವ ಮೊಬೈಲನ್ನೂ ಪವರ್ ಬ್ಯಾಂಕನ್ನೂ ದಿಂಬಿನಡಿಯಲ್ಲಿ ಇಟ್ಟು ಮಲಗುವ ಅಭ್ಯಾಸ ಅನೇಕರಿಗಿದೆ; ಶಾಖವು ಹೊರಹೋಗಲು ದಾರಿಯಿಲ್ಲದ ಆ ಸ್ಥಳವು ಅದಕ್ಕೆ ತಕ್ಕುದಲ್ಲ. ಬೀಗದ ಕೈ, ಚಿಲ್ಲರೆ ನಾಣ್ಯಗಳೊಡನೆಯೂ ಇಡಬಾರದು. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕು ಎಷ್ಟೇ ಬೆಲೆಯುಳ್ಳದ್ದಾದರೂ ಪ್ರಯಾಣಕ್ಕೆ ಒಯ್ಯಕೂಡದು.

ಇನ್ನು ಸಂಚಿಯ ವಿಚಾರ. ಇದಕ್ಕಾಗಿಯೇ ಹೊಲಿದ ಬೆಲೆಬಾಳುವ ಚೀಲಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಆದರೆ ನಮ್ಮ ಅಜ್ಜಂದಿರ ಎಲೆಯಡಕೆಯ ಸಂಚಿಯನ್ನು ನೋಡಿದವರು ಅದಕ್ಕಿಂತ ಮಿಗಿಲಾದ ಮಾದರಿಯನ್ನು ಹುಡುಕಬೇಕಾದುದಿಲ್ಲ. ಅದರಲ್ಲಿ ಎಲೆಗೆ ಒಂದು ಪದರ, ಅಡಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಹೊಗೆಸೊಪ್ಪಿಗೆ ಒಂದು. ಕತ್ತಲೆಯ ಎತ್ತಿನ ಗಾಡಿಯಲ್ಲಿ ಕುಳಿತು ದೀಪವಿಲ್ಲದೆ ಅವರು ಸುಣ್ಣವನ್ನು ತೆಗೆಯುತ್ತಿದ್ದರು. ಕೈಗೆ ಜಾಗ ಗೊತ್ತಿತ್ತು. ರವಿಕೆಯ ಬಟ್ಟೆಯಲ್ಲಿ ಉಳಿದ ತುಂಡಿನಿಂದ ಅಂತಹ ನಾಲ್ಕು ಪದರಗಳ ಸಂಚಿಯನ್ನು ಮನೆಯಲ್ಲಿಯೇ ಹೊಲಿಯಬಹುದು. ಹೊಲಿಗೆ ಬಾರದವರಿಗೆ ಹಳೆಯ ಕನ್ನಡಕದ ಗೂಡು ಚಾರ್ಜರಿಗೂ, ಮಕ್ಕಳು ಬಳಸಿ ಬಿಟ್ಟ ಕಂಪಾಸು ಪೆಟ್ಟಿಗೆ ಕೇಬಲ್ಲುಗಳಿಗೂ ಒದಗುತ್ತವೆ. ಉಗುರಿನಷ್ಟಗಲದ ಮೆಮರಿ ಕಾರ್ಡು, ಸಿಮ್ ಕಾರ್ಡು, ಅದರ ಸೂಜಿ ಇವುಗಳನ್ನು ಗುಳಿಗೆಯ ಖಾಲಿ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಸಂಚಿಯಲ್ಲಿಡಬೇಕು. ಜೊತೆಗೆ ಒಂದು ಕಾಗದದ ಚೂರು: ಎರಡು ದೂರವಾಣಿ ಸಂಖ್ಯೆ, ಟಿಕೇಟಿನ ಪಿ.ಎನ್.ಆರ್. ಸಂಖ್ಯೆ, ಬೋಗಿ ಮತ್ತು ಬರ್ತು. ಕಾಗದಕ್ಕೆ ಚಾರ್ಜು ಬೇಕಾಗುವುದಿಲ್ಲ.

ಸಂಚಿಯಲ್ಲಿ ಇಡುವ ಕ್ರಮವೇನು? ಕೇಬಲ್ಲುಗಳೆಲ್ಲ ಒಂದೆಡೆ, ಚಾರ್ಜರುಗಳೆಲ್ಲ ಒಂದೆಡೆ ಎಂದು ಜಾತಿವಾರು ಇಡುವವರುಂಟು. ನೋಡಲು ಅಂದ, ಉಪಯೋಗಕ್ಕೆ ಅಷ್ಟು ಅನುಕೂಲವಲ್ಲ. ಒಟ್ಟಿಗೆ ಬೇಕಾಗುವವು ಒಟ್ಟಿಗೆ ಇರಲಿ ಎಂಬುದು ನಮ್ಮ ಸಲಹೆ. ಪವರ್ ಬ್ಯಾಂಕು ಮತ್ತು ಅದರ ಗಿಡ್ಡ ಕೇಬಲ್ಲು ರೈಲಿನೊಳಗೆ ಬೇಕಾದವು. ಅವು ಮೇಲಿನ ಪದರದಲ್ಲಿರಲಿ. ಗೋಡೆಯ ಚಾರ್ಜರು ಮತ್ತು ಉದ್ದದ ಕೇಬಲ್ಲು ಊರಿನ ಮನೆ ಸೇರಿದ ಮೇಲೆ ಬೇಕಾದವು, ಅವು ಕೆಳಗಿರಲಿ. ಸಂಚಿಯು ದೊಡ್ಡ ಪೆಟ್ಟಿಗೆಯೊಳಗಲ್ಲ, ಮೈಮೇಲಿನ ಚೀಲದಲ್ಲಿರಬೇಕು. ಗದ್ದಲದಲ್ಲಿ ಆ ಚೀಲವು ಬೆನ್ನಿಗಲ್ಲ, ಎದೆಗಿರಬೇಕು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ತಟ್ಟೆಗೆ ಇವನ್ನು ತೆಗೆದಿಡಬೇಕಾಗಿ ಬಂದಾಗ, ಒಂದೇ ಸಂಚಿಯನ್ನು ಎತ್ತಿಟ್ಟು ಒಂದೇ ಸಂಚಿಯನ್ನು ಎತ್ತಿಕೊಂಡರೆ ಸಾಕು.

ಕೇಬಲ್ಲನ್ನು ಸುತ್ತುವುದರಲ್ಲಿಯೂ ಒಂದು ವಿದ್ಯೆಯಿದೆ. ಚಾರ್ಜರಿನ ಮೈಗೇ ಬಿಗಿಯಾಗಿ ಸುತ್ತಿಡುವುದು ಸಾಮಾನ್ಯ ರೂಢಿ; ಕೇಬಲ್ಲಿನ ಆಯುಸ್ಸನ್ನು ಕಡಿಮೆ ಮಾಡುವುದೂ ಅದೇ. ಗಟ್ಟಿಯಾದ ಪಿನ್ನು ಮೆತ್ತಗಿನ ತಂತಿಯನ್ನು ಕೂಡುವ ಕುತ್ತಿಗೆಯಲ್ಲಿ ಎಲ್ಲ ಬಾಗೂ ಬಂದು ಸೇರುತ್ತದೆ. ಒಳಗಿನ ತಾಮ್ರವು ಕೂದಲಿನಂತಹ ಅನೇಕ ಎಳೆಗಳಿಂದ ಆದುದು. ಮತ್ತೆ ಮತ್ತೆ ಬಾಗಿದ ತಾಮ್ರವು ಬಿರುಸಾಗಿ ಎಳೆಯೆಳೆಯಾಗಿ ತುಂಡಾಗುತ್ತದೆ. ಉಳಿದ ಕೆಲವೇ ಎಳೆಗಳಲ್ಲಿ ಪೂರ್ಣ ಪ್ರವಾಹ ಹರಿಯಬೇಕಾದಾಗ ರೋಧ ಹೆಚ್ಚಿ ಅಲ್ಲಿಯೇ ಬಿಸಿಯಾಗುತ್ತದೆ. ಕುತ್ತಿಗೆಯಲ್ಲಿ ಬಿಸಿಯಾಗುವ ಕೇಬಲ್ಲನ್ನು ಕೂಡಲೆ ಬಿಟ್ಟುಬಿಡಬೇಕೆಂಬುದಕ್ಕೆ ಇದೇ ಕಾರಣ.

ಬಾವಿಕಟ್ಟೆಯ ಮೇಲೆ ಹಗ್ಗವನ್ನು ಹೇಗೆ ಸುತ್ತಿಡುತ್ತಾರೆಂಬುದನ್ನು ಊರಿನಲ್ಲಿ ಗಮನಿಸಿ. ಮೊಣಕೈಗೂ ಹೆಬ್ಬೆರಳಿಗೂ ಸೇರಿಸಿ ಬಿಗಿಯುವುದಿಲ್ಲ. ಅಗಲವಾದ ಬಳೆಗಳಾಗಿ ಸಡಿಲವಾಗಿ ಬಿಡುತ್ತಾರೆ. ಕೇಬಲ್ಲಿಗೂ ಅಂಗೈಯಗಲದ ಬಳೆಗಳು ಸಾಕು. ಒಂದೇ ದಿಕ್ಕಿಗೆ ಹಾಕುವ ಒಂದೊಂದು ಬಳೆಯೂ ತಂತಿಗೆ ಒಂದೊಂದು ಪೂರ್ಣ ತಿರುಚನ್ನು ಕೊಡುತ್ತದೆ. ಹತ್ತು ಬಳೆಗೆ ಹತ್ತು ತಿರುಚು. ಬಿಚ್ಚಿ ಎಳೆದಾಗ ಕೇಬಲ್ಲು ಹಾವಿನಂತೆ ಸುರುಟಿಕೊಳ್ಳುವುದು ಇದರಿಂದಲೇ. ಒಂದು ಬಳೆಯನ್ನು ಸಹಜವಾಗಿ ಹಾಕಿ, ಮುಂದಿನದನ್ನು ತಂತಿಯನ್ನು ಬೆರಳುಗಳಲ್ಲಿ ಹಿಂದಕ್ಕೆ ಉರುಳಿಸಿ ಒಳಮುಖವಾಗಿ ಹಾಕಿದರೆ, ಎರಡರ ತಿರುಚೂ ಒಂದನ್ನೊಂದು ಅಳಿಸುತ್ತವೆ. ನಾಟಕದ ರಂಗದಲ್ಲಿ ಧ್ವನಿವರ್ಧಕದ ಉದ್ದುದ್ದ ತಂತಿಗಳನ್ನು ಸುತ್ತುವ ಕುಶಲರ ಕೈಯಲ್ಲಿ ಇದನ್ನು ಕಾಣಬಹುದು. ಕೊನೆಗೆ ಕಟ್ಟಲು ರಬ್ಬರ್ ಬ್ಯಾಂಡು ಬೇಡ. ಮುಂಬಯಿಯ ಸೆಕೆಯಲ್ಲಿ ಅದು ಕರಗಿದಂತಾಗಿ ಕೇಬಲ್ಲಿಗೆ ಅಂಟಿಕೊಳ್ಳುತ್ತದೆ. ಒಂದು ಗೇಣುದ್ದದ ಲಾಡಿಯೋ, ಹರಿದ ಶಾಲೆಯ ಬೂಟಿನಿಂದ ಕತ್ತರಿಸಿದ ವೆಲ್ಕ್ರೋ ಪಟ್ಟಿಯೋ ಇದ್ದರೆ ಸಾಕು. ಲಾಡಿಗೆ ಬೇರೆ ಬೇರೆ ಬಣ್ಣವಿದ್ದರೆ ಯಾರ ಕೇಬಲ್ಲು ಯಾವುದೆಂಬ ವ್ಯಾಜ್ಯವೂ ತೀರುತ್ತದೆ.

ಮಳೆಗಾಲದಲ್ಲಿ ಸಂಚಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಕು; ಒದ್ದೆಯಾದ ಪಿನ್ನನ್ನು ಮಾತ್ರ ಒರೆಸದೆ, ಆರಿಸದೆ ಮೊಬೈಲಿಗೆ ಸಿಕ್ಕಿಸಕೂಡದು.

ಕರಾವಳಿಯ ಮನೆಗಳಿಂದ ಗಲ್ಫಿಗೆ ಹೋಗಿಬರುವವರು ಹಲವರಿದ್ದಾರೆ. ದುಬೈ, ಮಸ್ಕತ್, ದೋಹಾ, ಕುವೈತ್‌ಗಳಲ್ಲಿ ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಪಿನ್ನುಗಳ ಸಾಕೆಟ್ಟು ಸಾಮಾನ್ಯ. ನಮ್ಮ ದುಂಡು ಪಿನ್ನು ಅಲ್ಲಿ ಸರಿಯಾಗಿ ಹೊಂದುವುದಿಲ್ಲ. ಮೇಲಿನ ರಂಧ್ರಕ್ಕೆ ಪೆನ್ನನ್ನೋ ಕಡ್ಡಿಯನ್ನೋ ತುರುಕಿ ಕೆಳಗಿನ ಮುಚ್ಚಳಗಳನ್ನು ತೆರೆಯುವ ಸಾಹಸವನ್ನು ಯಾರೂ ಮಾಡಬಾರದು. ಆ ಮುಚ್ಚಳಗಳಿರುವುದೇ ರಕ್ಷಣೆಗಾಗಿ. ಒಂದು ಅಡಾಪ್ಟರು ಸಂಚಿಯ ಕೆಳಪದರದಲ್ಲಿರಲಿ. ಅದು ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಚಾರ್ಜರಿನ ಮೈಮೇಲೆ ಸಣ್ಣ ಅಕ್ಷರಗಳಲ್ಲಿ 100ರಿಂದ 240 ವೋಲ್ಟ್ ಎಂದು ಮುದ್ರಿಸಿದ್ದರೆ, ಕೆಲವು ರೈಲು ಬೋಗಿಗಳ 110 ವೋಲ್ಟಿನಲ್ಲಿಯೂ ನಮ್ಮ ಮನೆಯ 230ರಲ್ಲಿಯೂ ಅಮೆರಿಕದ 120ರಲ್ಲಿಯೂ ಅದು ನಡೆಯುತ್ತದೆ.

ಊರಿನಿಂದ ಹಿಂದಿರುಗಿದ ದಿನ ಸಂಚಿಯನ್ನು ಬರಿದುಮಾಡಿ ಕೊಡವಬೇಕು. ಮುರಿದ ಕೇಬಲ್ಲನ್ನು ಅದೇ ಬಿಸ್ಕತ್ತಿನ ಡಬ್ಬಿಗೆ ಮರಳಿ ಹಾಕಿದರೆ ಮುಂದಿನ ವರ್ಷ ಅದೇ ಮತ್ತೆ ಚೀಲ ಸೇರುತ್ತದೆ. ಭಂಗಾರಿನವರಿಗೆ ಮಾರಬಹುದಲ್ಲವೆ ಎಂದರೆ, ತಾಮ್ರಕ್ಕಾಗಿ ಅದನ್ನು ಬಯಲಲ್ಲಿ ಸುಡುವುದುಂಟು, ಪಿ.ವಿ.ಸಿ. ಹೊದಿಕೆಯ ಆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡಿನಂತಹ ವಿಷಾನಿಲಗಳಿರುತ್ತವೆ, ಮತ್ತು ಅದನ್ನು ಮೊದಲು ಉಸಿರಾಡುವವನು ಸುಡುವವನೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳಂತೆ ಇಂತಹ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಇ-ತ್ಯಾಜ್ಯವನ್ನು ತೆಗೆದುಕೊಳ್ಳುವ ಕೇಂದ್ರಕ್ಕೆ ಒಯ್ಯುವವರೆಗೆ ಹಾಳಾದ ಕೇಬಲ್ಲುಗಳನ್ನು ಬೇರೊಂದು ಚೀಲದಲ್ಲಿ, ಮೇಲೆ ಚೀಟಿ ಅಂಟಿಸಿ ಇಡಬೇಕು. ಉಬ್ಬಿದ ಪವರ್ ಬ್ಯಾಂಕನ್ನು ಮಾತ್ರ ಆ ಚೀಲಕ್ಕೂ ಹಾಕದೆ, ಸುತ್ತಮುತ್ತ ಬಟ್ಟೆ ಕಾಗದಗಳಿಲ್ಲದ ಕಡೆ ಒಂಟಿಯಾಗಿರಿಸಿ, ಆದಷ್ಟು ಬೇಗ ಅಲ್ಲಿಗೆ ಮುಟ್ಟಿಸಬೇಕು.